ನೀರೇ ಬೀದಿಯಾದ ಊರು ಆಲಪ್ಪುಳ

ಒಂದೇ ರಾಜ್ಯದೊಳಗಿದ್ದರೂ ಕೇರಳದ ಉತ್ತರ ತುದಿಯಲ್ಲಿರುವ ನಮಗೆ ದಕ್ಷಿಣದ ಊರುಗಳ ಪರಿಚಯ ಕಡಿಮೆ. ಮದುವೆ, ಮುಂಜಿ, ಉತ್ಸವಗಳಿಗೆ ನಾವು ಹೋಗುವುದು ಪುತ್ತೂರು, ಮಂಗಳೂರು, ಉಡುಪಿಗಳಿಗೆ. ಆಸ್ಪತ್ರೆಗೂ ಕಾಲೇಜಿಗೂ ಹೆಚ್ಚಾಗಿ ಮಂಗಳೂರೇ ಗತಿ. ಸರಕಾರಿ ಕೆಲಸವೇನಾದರೂ ಬಿದ್ದರೆ ಮಾತ್ರ ತಿರುವನಂತಪುರದ ರೈಲು ಹತ್ತುತ್ತೇವೆ. ಹೋಗುವಾಗ ಕಡತದ ಚಿಂತೆ, ಬರುವಾಗ ಆಯಾಸ. ನಡುವಣ ಊರುಗಳು ಕಿಟಕಿಯ ಆಚೆ ಕತ್ತಲಲ್ಲಿ ದಾಟಿಹೋಗುತ್ತವೆ.

ಹಾಗೆ ದಾಟಿಹೋಗುವ ಊರುಗಳಲ್ಲಿ ಆಲಪ್ಪುಳವೂ ಒಂದು. ‘ಪೂರ್ವದ ವೆನಿಸ್’ ಎಂಬ ಅದರ ಬಿರುದು ನಮ್ಮ ಮಕ್ಕಳಿಗೆ ಶಾಲೆಯ ಪುಸ್ತಕದಿಂದ ಗೊತ್ತು. ಓಣಂ ಸಮಯದ ಜಾಹೀರಾತುಗಳಲ್ಲಿ ಕಾಣುವ ಬಿದಿರು ಚಾವಣಿಯ ದೋಣಿಮನೆಗಳ ಚಿತ್ರವೂ ಗೊತ್ತು. ಆದರೆ ಆ ಚಿತ್ರದ ಹಿಂದೆ ಒಂದು ಪೇಟೆಯುಂಟು, ಅದರ ಕಾಲುವೆಗಳುಂಟು, ಆ ಕಾಲುವೆಗಳ ದಂಡೆಯಲ್ಲಿ ನಮ್ಮ ನಿಮ್ಮಂತೆ ಸಂಸಾರ ಸಾಗಿಸುವ ಜನರುಂಟು. ಅವರನ್ನು ಕಾಣಬೇಕಾದರೆ ರಸ್ತೆಯಿಂದ ನೋಡಿದರೆ ಸಾಲದು. ದೊಡ್ಡ ಯಂತ್ರದೋಣಿಯ ಮಾಳಿಗೆಯಿಂದ ನೋಡಿದರೂ ಸಾಲದು. ಗಳ ಊರಿ ನಡೆಸುವ ಸಣ್ಣ ದೋಣಿಯಲ್ಲಿ ಕುಳಿತು ನೋಡಬೇಕು. ಕಳೆದ ಚಳಿಗಾಲದಲ್ಲಿ ನಾವು ಎರಡು ಕುಟುಂಬದವರು ಕೂಡಿ ಹೋಗಿ ಬಂದ ಮೇಲೆ ನಮಗೆ ಅನಿಸಿದ್ದು ಇದು.

ಅಳೆದು ತೋಡಿದ ಕಾಲುವೆಗಳು

ಆಲಪ್ಪುಳದ ಕಾಲುವೆಗಳು ತಾವಾಗಿ ಹರಿದ ಹೊಳೆಗಳಲ್ಲ, ವ್ಯಾಪಾರಕ್ಕಾಗಿ ಮನುಷ್ಯರು ತೋಡಿದವು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತಿರುವಿದಾಂಕೂರನ್ನು ಆಳುತ್ತಿದ್ದವನು ಧರ್ಮರಾಜನೆಂದು ಹೆಸರಾದ ಕಾರ್ತಿಕ ತಿರುನಾಳ್ ರಾಮವರ್ಮ. 1758ರಿಂದ 1798ರ ತನಕ ಅವನ ಆಳ್ವಿಕೆ. ಹತ್ತಿರದ ಕೊಚ್ಚಿ ಆಗ ಡಚ್ಚರ ಕೈಯಲ್ಲಿತ್ತು. ಕರಿಮೆಣಸು, ಏಲಕ್ಕಿ, ಶುಂಠಿ, ಕೊಬ್ಬರಿ ಎಲ್ಲ ಬೆಳೆಯುವ ನಾಡಿಗೆ ತನ್ನದೇ ಆದ ಬಂದರೊಂದು ಬೇಕಿತ್ತು. ಆ ಬಂದರಿಗೆ ಆಯ್ಕೆಯಾದ ಸ್ಥಳವೇ ಆಲಪ್ಪುಳ. 1762ರಲ್ಲಿ ಬಂದರು ತೆರೆಯಿತೆಂದು ಹೇಳುತ್ತಾರೆ. ಮುಂದೆ ದಿವಾನನಾದ ರಾಜಾ ಕೇಶವದಾಸನ ಹೆಸರು ಈ ಊರಿನ ನಿರ್ಮಾಣದೊಡನೆ ಬೆಸೆದುಕೊಂಡಿದೆ.

ಒಂದು ಕಡೆ ಅರಬ್ಬಿ ಕಡಲು, ಇನ್ನೊಂದು ಕಡೆ ವೇಂಬನಾಡು ಕಾಯಲು. ನಡುವೆ ಹೊಯಿಗೆಯ ಒಂದು ಪಟ್ಟಿ. ಬೆಟ್ಟದ ಬೆಳೆ ಹೊಳೆಗಳ ಮೂಲಕ ಕಾಯಲಿಗೆ ಬಂದು ಸೇರುತ್ತಿತ್ತು. ಅಲ್ಲಿಂದ ಅದನ್ನು ಕಡಲ ದಂಡೆಗೆ ಮುಟ್ಟಿಸಬೇಕಲ್ಲ? ಅದಕ್ಕಾಗಿ ಪೂರ್ವ ಪಶ್ಚಿಮವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಎರಡು ಕಾಲುವೆಗಳನ್ನು ತೋಡಿದರು. ಬಡಗಿನದಕ್ಕೆ ವಾಡೈ ಕಾಲುವೆ ಎಂದೂ ತೆಂಕಿನದಕ್ಕೆ ಕೊಮರ್ಶಿಯಲ್ ಕಾಲುವೆ ಎಂದೂ ಹೆಸರು. ಪೇಟೆ ಬೆಳೆದದ್ದು ಈ ಎರಡರ ಆಚೀಚೆ. ಉಗ್ರಾಣಗಳ ಮುಂಬಾಗಿಲು ನೀರಿನ ಕಡೆಗೆ, ಮೆಟ್ಟಲಿಳಿದರೆ ದೋಣಿ. ನಮ್ಮ ಪೇಟೆಗಳಲ್ಲಿ ಲಾರಿ ನಿಲ್ಲುವ ಜಾಗದಲ್ಲಿ ಅಲ್ಲಿ ದೋಣಿ ನಿಲ್ಲುತ್ತಿತ್ತು.

ಹಡಗುಗಳಿಗೆ ಅಲ್ಲಿ ಕಟ್ಟಿದ ಬಂದರೇನೂ ಇರಲಿಲ್ಲ. ಆದರೂ ಮಳೆಗಾಲದಲ್ಲಿ ಕೂಡ ಅವು ಬಂದು ತಂಗುತ್ತಿದ್ದವು. ಮಲೆಯಾಳದಲ್ಲಿ ‘ಚಾಕರ’ ಎಂದು ಕರೆಯುವ ಕೆಸರಿನ ದಿಬ್ಬ ತೆರೆಗಳ ಅಬ್ಬರವನ್ನು ನುಂಗಿ ನೀರನ್ನು ಶಾಂತವಾಗಿಡುವುದೇ ಇದರ ಗುಟ್ಟು. 1862ರಲ್ಲಿ ಕಡಲೊಳಕ್ಕೆ ಚಾಚಿದ ಸಾಮಾನು ಇಳಿಸುವ ಸೇತುವೆಯೂ ದೀಪಸ್ತಂಭವೂ ಬಂದವು. ದೀಪ ಇಂದಿಗೂ ಉರಿಯುತ್ತದೆ. ಸೇತುವೆಯ ತುಕ್ಕು ಹಿಡಿದ ಕಬ್ಬಿಣದ ಕಂಬಗಳು ಕಡಲ ದಂಡೆಯಲ್ಲಿ ಉಳಿದಿವೆ. 1859ರಲ್ಲಿ ಜೇಮ್ಸ್ ಡಾರಾ ಎಂಬವರು ಇಲ್ಲಿ ತೆಂಗಿನ ನಾರಿನ ಕಾರ್ಖಾನೆ ತೆರೆದರು. ಆ ಮೇಲೆ ಹುರಿಹಗ್ಗ, ಚಾಪೆಗಳ ಉದ್ಯಮವೇ ಊರಿನ ಉಸಿರಾಯಿತು. 1920–30ರ ದಶಕಗಳಲ್ಲಿ ಕೊಚ್ಚಿಯಲ್ಲಿ ಆಳವಾದ ಆಧುನಿಕ ಬಂದರು ಸಿದ್ಧವಾದ ಮೇಲೆ ಆಲಪ್ಪುಳದ ಬಂದರಿನ ಕಳೆ ಕುಂದಿತು. ಬಂದರು ಹೋಯಿತು, ಕಾಲುವೆಗಳು ಉಳಿದವು.

ಮನೆಮಾತು ಉಳಿಸಿಕೊಂಡವರು

ವ್ಯಾಪಾರದ ಬೆನ್ನಿಗೆ ಹೊರನಾಡಿನ ಜನರೂ ಬಂದರು. ಗುಜರಾತು, ಕಚ್ಛಗಳಿಂದ ಬಂದ ವರ್ತಕರ ಬೀದಿ ಆಲಪ್ಪುಳದಲ್ಲಿ ಇಂದಿಗೂ ಉಂಟು. ಜೈನ ದೇವಾಲಯವೂ ಉಂಟು. ನಮಗೆ ಹೆಚ್ಚು ಹತ್ತಿರದವರೆಂದು ತೋರಿದವರು ಅಲ್ಲಿನ ಕೊಂಕಣಿ ಮಾತನಾಡುವ ಗೌಡ ಸಾರಸ್ವತರು. ಅನಂತನಾರಾಯಣಪುರದ ತಿರುಮಲ ದೇವಸ್ವಂ ಅವರ ಕೇಂದ್ರ. ಗೋವೆಯಿಂದ ಹೊರಟ ಹಿರಿಯರ ಒಂದು ಕವಲು ನಮ್ಮ ಮಂಜೇಶ್ವರದಲ್ಲಿ ಅನಂತೇಶ್ವರನ ಸನ್ನಿಧಿಯಲ್ಲಿ ನೆಲೆಸಿದರೆ, ಇನ್ನೊಂದು ಕವಲು ತೆಂಕಣದ ಕೊಚ್ಚಿ, ಆಲಪ್ಪುಳಗಳಲ್ಲಿ ನೆಲೆಸಿತು. ಇಲ್ಲಿಯವರು ಕನ್ನಡ ಶಾಲೆಗೆ ಹೋದರು, ಅಲ್ಲಿಯವರು ಮಲೆಯಾಳ ಶಾಲೆಗೆ ಹೋದರು. ಅಡುಗೆಮನೆಯ ಮಾತು ಎರಡು ಕಡೆಯೂ ಒಂದೇ.

ನಮ್ಮ ತಂಡದಲ್ಲಿದ್ದ ಮಂಜೇಶ್ವರದ ಅಮ್ಮ ದೇವಸ್ಥಾನದ ಹತ್ತಿರದ ಅಂಗಡಿಯೊಂದರಲ್ಲಿ ಕೊಂಕಣಿಯಲ್ಲಿ ಬಾಳೆಹಣ್ಣಿನ ಬೆಲೆ ಕೇಳಿದರು. ಅಂಗಡಿಯ ಯಜಮಾನರು ತಲೆಯೆತ್ತಿ ನೋಡಿ, ಕೊಂಕಣಿಯಲ್ಲಿಯೇ ಬೆಲೆ ಹೇಳಿ, ಯಾವ ಊರು, ಯಾರ ಮನೆಯವರು ಎಂದು ವಿಚಾರಿಸಿದರು. ಉಚ್ಚಾರದಲ್ಲಿ ವ್ಯತ್ಯಾಸವಿತ್ತು, ಕೆಲವು ಮಾತು ಇಬ್ಬರೂ ಎರಡೆರಡು ಸಲ ಹೇಳಬೇಕಾಯಿತು. ಆದರೂ ಹತ್ತು ನಿಮಿಷದ ಮಾತುಕತೆ ನಡೆಯಿತು. ತಲೆತಲಾಂತರದಿಂದ ಬೇರೆ ಭಾಷೆಯ ಪೇಟೆಯ ನಡುವೆ ಇದ್ದು, ಆ ಭಾಷೆಯನ್ನು ಚೆನ್ನಾಗಿ ಕಲಿತು, ಮನೆಯ ಮಾತನ್ನೂ ಬಿಡದವರನ್ನು ಕಂಡರೆ ಅಲ್ಪಸಂಖ್ಯಾತರಾದ ನಮಗೆ ಕಲಿಯಲು ಬೇಕಾದಷ್ಟು ಉಂಟು.

ಹೊಲಿದು ಮಾಡಿದ ದೋಣಿ

ಕಾಲುವೆಯ ಊರಿನಲ್ಲಿ ದೋಣಿಯ ವಿಚಾರ ತಿಳಿಯದೆ ಪ್ರಯಾಣ ಪೂರ್ತಿಯಾಗದು. ಇಲ್ಲಿನ ಹಳೆಯ ಸರಕುದೋಣಿಗೆ ‘ಕೆಟ್ಟುವಳ್ಳಂ’ ಎಂದು ಹೆಸರು. ವಳ್ಳಂ ಎಂದರೆ ದೋಣಿ. ಕೆಟ್ಟು ಎಂದರೆ ಕಟ್ಟು. ನಮ್ಮ ‘ಕಟ್ಟು’ ಶಬ್ದದ ಅಣ್ಣತಮ್ಮನೇ ಅದು. ಹೆಸರೇ ಹೇಳುವಂತೆ ಈ ದೋಣಿಗೆ ಮೊಳೆ ಹೊಡೆಯುವುದಿಲ್ಲ, ಹಲಗೆಗಳನ್ನು ಹುರಿಹಗ್ಗದಿಂದ ಬಿಗಿದು ಹೊಲಿಯುತ್ತಾರೆ.

ಹಲಗೆಗೆ ಬಳಸುವುದು ಆಂಞಿಲಿ ಮರ, ಅಂದರೆ ನಮ್ಮ ಹೆಬ್ಬಲಸು. ನಾವು ಬೇಸಗೆಯಲ್ಲಿ ಹೆಕ್ಕಿ ತಿನ್ನುವ, ತುಳುವಿನಲ್ಲಿ ಪೆಜಕಾಯಿ ಎನ್ನುವ ಹಣ್ಣಿನ ಮರವೇ ಅದು. ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಎರಡು ಹಲಗೆ ಕೂಡುವ ಸಂದಿಗೆ ತೆಂಗಿನ ನಾರು ತುಂಬಿ, ಹಗ್ಗ ಹಾಯಿಸಿ ಎಳೆದು ಬಿಗಿಯುತ್ತಾರೆ. ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನು ಬಳಿಯುತ್ತಾರೆ. ಹುಳು ಹಿಡಿಯದಂತೆ, ನೀರು ಒಸರದಂತೆ ಅದು ಕಾಯುತ್ತದೆ. ನೀರಿನಲ್ಲಿ ನೆನೆದಷ್ಟೂ ನಾರು ಉಬ್ಬಿ ಸಂದಿ ಇನ್ನಷ್ಟು ಬಿಗಿಯಾಗುತ್ತದೆ. ಹಗ್ಗ ಹಳತಾದರೆ ಬಿಚ್ಚಿ ಹೊಸ ಹಗ್ಗದಿಂದ ಹೊಲಿದರಾಯಿತು. ಹಲಗೆ ತಲೆಮಾರುಗಟ್ಟಲೆ ಬಾಳುತ್ತದೆ. ತೆಂಗು, ಗೇರು, ಹೆಬ್ಬಲಸು ಮೂರೂ ನಮ್ಮ ಹಿತ್ತಿಲಲ್ಲಿಯೂ ಇರುವವು. ಅವುಗಳಿಂದ ಸುಮಾರು 30 ಟನ್ ಅಕ್ಕಿ ಹೇರುವ ದೋಣಿ ಮಾಡಬಹುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕುಟ್ಟನಾಡಿಗೆ ರಸ್ತೆಗಳೂ ಲಾರಿಗಳೂ ಬಂದಂತೆ ಈ ದೋಣಿಗಳಿಗೆ ಕೆಲಸವಿಲ್ಲದಾಯಿತು. ಎಷ್ಟೋ ದೋಣಿಗಳು ದಂಡೆಯಲ್ಲಿ ಲಡ್ಡಾದವು. 1990ರ ದಶಕದ ಆರಂಭದಲ್ಲಿ ಯಾರಿಗೋ ಹೊಳೆದ ಉಪಾಯದಿಂದ ಅವುಗಳ ಮೇಲೆ ಬಿದಿರು, ಓಲೆ, ಚಾಪೆಗಳ ಚಾವಣಿ ಎದ್ದು ಅವು ದೋಣಿಮನೆಗಳಾದವು. ಅಕ್ಕಿಮೂಟೆಯ ಜಾಗದಲ್ಲಿ ಮಂಚ ಬಂತು. ಈಗ ಆಲಪ್ಪುಳದಲ್ಲಿ ಅಂಥವು ನೂರಾರು. ಮೊದಮೊದಲು ಗಳ ಊರಿ ನಡೆಯುತ್ತಿದ್ದವು. ಈಗ ಎಲ್ಲಕ್ಕೂ ಯಂತ್ರ, ಹಲವಕ್ಕೆ ಎರಡು ಮಾಳಿಗೆ, ತಂಪುಯಂತ್ರದ ಕೋಣೆ. ಸುಖವಿಲ್ಲವೆಂದಲ್ಲ. ಆದರೆ ಅಷ್ಟು ದೊಡ್ಡ ದೋಣಿ ಸಣ್ಣ ಕಾಲುವೆಯೊಳಕ್ಕೆ ಹೋಗಲಾರದು. ಅದರಲ್ಲಿ ಕುಳಿತವರು ವಿಶಾಲವಾದ ನೀರನ್ನೂ ಮುಂದಿನ ದೋಣಿಮನೆಯ ಬೆನ್ನನ್ನೂ ನೋಡಿ ತೃಪ್ತಿಪಡಬೇಕು.

ದೋಣಿಕಟ್ಟೆಯಲ್ಲಿ

ನಾವು ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ಕಾಸರಗೋಡಿನಲ್ಲಿ ಸಂಜೆ ಹತ್ತಿದರೆ ನಸುಕಿಗೆ ಆಲಪ್ಪುಳ. ಈ ಊರಿಗೆ ರೈಲು ಬಂದದ್ದೇ 1989ರಲ್ಲಿ; ಅದಕ್ಕೆ ಮೊದಲು ಬಸ್ಸು, ಅದಕ್ಕೂ ಮೊದಲು ದೋಣಿ. ಬೆಳಕಾಗುವ ತನಕ ನಿಲ್ದಾಣದಲ್ಲಿಯೇ ಇದ್ದು, ಮುಖ ತೊಳೆದು ಚಹಾ ಕುಡಿದು, ರಿಕ್ಷಾ ಹಿಡಿದು ದೋಣಿಕಟ್ಟೆಗೆ ಹೋದೆವು. ದೋಣಿಕಟ್ಟೆ ವಾಡೈ ಕಾಲುವೆಯ ದಂಡೆಯಲ್ಲಿ, ಬಸ್‌ಸ್ಟೇಂಡಿನ ಬಳಿಯಲ್ಲೇ ಇದೆ.

ಅಲ್ಲಿ ಮೂರು ಬಗೆಯ ದೋಣಿ ಸಿಗುತ್ತವೆ. ಮೊದಲನೆಯದು ರಾಜ್ಯ ಜಲಸಾರಿಗೆ ಇಲಾಖೆಯ ಪ್ರಯಾಣಿಕರ ದೋಣಿ. ನಮ್ಮ ಸರಕಾರಿ ಬಸ್ಸಿನ ಹಾಗೆಯೇ ಟಿಕೆಟು, ನಿಲುಗಡೆ, ಸಮಯ ಎಲ್ಲ ಉಂಟು. ಈ ಇಲಾಖೆಯ ಕೇಂದ್ರ ಕಚೇರಿ ಇರುವುದೂ ಆಲಪ್ಪುಳದಲ್ಲಿಯೇ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಅಕ್ಕಿಯ ಚೀಲ, ಸೈಕಲು ಎಲ್ಲವೂ ಅದರಲ್ಲಿ ಬರುತ್ತವೆ. ಎರಡನೆಯದು ‘ಶಿಕಾರ’ ಎಂದು ಕಾಶ್ಮೀರದ ಹೆಸರಿಟ್ಟುಕೊಂಡ ಚಾವಣಿಯ ಯಂತ್ರದೋಣಿ. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಮೂರನೆಯದು ಒಬ್ಬ ಅಂಬಿಗ ಗಳ ಊರಿಯೋ ಹುಟ್ಟು ಹಾಕಿಯೋ ನಡೆಸುವ ಸಣ್ಣ ವಳ್ಳ. ದಲ್ಲಾಳಿಗಳು ಮೊದಲ ಎರಡು ನಿಮಿಷದಲ್ಲಿ ನಿಮ್ಮನ್ನು ದೋಣಿಮನೆಗೋ ಶಿಕಾರಕ್ಕೋ ಸೆಳೆಯುತ್ತಾರೆ. ಸಣ್ಣ ವಳ್ಳ ಬೇಕೆಂದು ನಾವಾಗಿ ಕೇಳಬೇಕು.

ಪೇಟೆಯೊಳಗಿನ ಕಾಲುವೆಗಳನ್ನು ದಂಡೆಯಲ್ಲಿ ನಡೆದೇ ನೋಡಿದೆವು. ತಗ್ಗಾದ ಸೇತುವೆಗಳು, ಕಳೆ, ಹೂಳು, ಇವುಗಳಿಂದ ಪಶ್ಚಿಮದ ಭಾಗದಲ್ಲಿ ಹಿಂದಿನಂತೆ ದೋಣಿ ಓಡಾಟವಿಲ್ಲ. ಹಳೆಯ ಉಗ್ರಾಣಗಳಲ್ಲಿ ಕೆಲವು ಬೀಗ ಹಾಕಿವೆ. ಕೆಲವು ರಸ್ತೆಯ ಕಡೆಗೆ ಹೊಸ ಬಾಗಿಲು ತೆರೆದು, ನೀರಿನ ಕಡೆಯ ಹಳೆಯ ಬಾಗಿಲಿಗೆ ಕಲ್ಲು ಕಟ್ಟಿವೆ. ಊರು ತನ್ನನ್ನು ಹೆತ್ತ ನೀರಿಗೆ ಬೆನ್ನು ತಿರುಗಿಸಿ ಕುಳಿತಂತೆ ನಮಗೆ ತೋರಿತು. ಪೂರ್ವಕ್ಕೆ ಸಾಗಿದಂತೆ ಕಾಲುವೆಗೆ ಜೀವ ಬರುತ್ತದೆ. ಪುನ್ನಮಡದಲ್ಲಿ ಅದು ಕಾಯಲನ್ನು ಸೇರುವಲ್ಲಿ ನಮ್ಮ ವಳ್ಳ ಕಾದಿತ್ತು.

ಅಂಗಳಗಳ ನಡುವೆ

ಪುನ್ನಮಡ ಎಂದರೆ ಹಾವುದೋಣಿಗಳ ಪಂದ್ಯ ನಡೆಯುವ ಜಾಗ. 1952ರ ಡಿಸೆಂಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಆಲಪ್ಪುಳಕ್ಕೆ ಬಂದಾಗ ಅವರ ಗೌರವಕ್ಕಾಗಿ ಪಂದ್ಯ ನಡೆಯಿತು. ಗೆದ್ದ ನಡುಭಾಗಂ ಚುಂಡನ್ ವಳ್ಳಕ್ಕೆ ಅವರು ಉತ್ಸಾಹದಿಂದ ಹತ್ತಿಯೇಬಿಟ್ಟರು; ದಿಲ್ಲಿಗೆ ಮರಳಿದ ಮೇಲೆ ಬೆಳ್ಳಿಯ ದೋಣಿಯೊಂದನ್ನು ಬಹುಮಾನವಾಗಿ ಕಳಿಸಿದರು. ನೆಹರೂ ಟ್ರೋಫಿಯ ಕಥೆ ಇದು. ಆಗಸ್ಟ್ ತಿಂಗಳ ಎರಡನೆಯ ಶನಿವಾರ ಪಂದ್ಯವೆಂಬುದು ಹಳೆಯ ವಾಡಿಕೆ. ಈಚಿನ ವರ್ಷಗಳಲ್ಲಿ ದಿನ ಬದಲಾದದ್ದೂ ಉಂಟು. ಕಾಯಲಿನ ಆಚೆ ದಂಡೆಯಲ್ಲಿರುವ ದ್ವೀಪಕ್ಕೂ ನೆಹರೂ ಟ್ರೋಫಿ ವಾರ್ಡು ಎಂದೇ ಹೆಸರು. ಅದು ಆಲಪ್ಪುಳ ನಗರಸಭೆಯ ಒಂದು ವಾರ್ಡು. ನಗರಸಭೆಗೆ ಸೇರಿದ್ದರೂ ಅಲ್ಲಿ ಬೀದಿಯೆಂದರೆ ನೀರು. ಅಲ್ಲಿಗೇ ನಮ್ಮ ಪ್ರಯಾಣ.

ಅಂಬಿಗರಿಗೆ ಅರುವತ್ತು ದಾಟಿರಬಹುದು. “ಚೇಟ್ಟಾ, ಎಷ್ಟು ವರ್ಷವಾಯಿತು ಈ ಕೆಲಸಕ್ಕೆ?” ಎಂದು ನಮಗೆ ಬರುವ ಮಲೆಯಾಳದಲ್ಲಿ ಕೇಳಿದೆವು. ಅವರು ನಕ್ಕು, “ಈ ಮಲೆಯಾಳ ಬಡಗಿನದ್ದು. ಕಣ್ಣೂರೋ ಕಾಸರಗೋಡೋ?” ಎಂದರು. ಕಾಸರಗೋಡು, ಮನೆಮಾತು ಕನ್ನಡ ಎಂದಾಗ, “ಹಾಗಾದರೆ ನಾನು ನಿಧಾನ ಮಾತಾಡುತ್ತೇನೆ” ಎಂದು ಹೇಳಿ ಕೊನೆಯ ತನಕವೂ ಹಾಗೆಯೇ ಮಾತನಾಡಿದರು. ಅವರ ತಂದೆ ಅಕ್ಕಿ ಹೇರುವ ಕೆಟ್ಟುವಳ್ಳದಲ್ಲಿ ದುಡಿದವರಂತೆ. “ಅಪ್ಪ ಅಕ್ಕಿ ಹೊತ್ತರು, ನಾನು ಜನ ಹೊರುತ್ತೇನೆ. ಅಕ್ಕಿ ಮಾತಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ” ಎಂದರು.

ಕಾಯಲು ದಾಟಿ ವಳ್ಳ ಸಣ್ಣ ಕಾಲುವೆಯೊಂದಕ್ಕೆ ತಿರುಗಿತು. ಯಂತ್ರಗಳ ಸದ್ದು ಹಿಂದೆ ಉಳಿಯಿತು. ಗಳ ಕೆಸರಿಗೆ ಊರುವ, ಮೇಲೆತ್ತಿದಾಗ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಕಾಲುವೆಯ ಅಗಲ ನಮ್ಮ ಊರಿನ ತೋಡಿನಷ್ಟು. ಎರಡೂ ದಂಡೆಯಲ್ಲಿ ಕಲ್ಲು ಕಟ್ಟಿದ ಏರಿ, ಏರಿಯ ಮೇಲೆ ಒಬ್ಬರು ನಡೆಯುವಷ್ಟು ದಾರಿ, ದಾರಿಗೆ ತಾಗಿ ಮನೆ. ಪ್ರತಿ ಮನೆಗೂ ನೀರಿಗಿಳಿಯುವ ನಾಲ್ಕು ಮೆಟ್ಟಲಿನ ಕಡವು, ಕಡವಿನಲ್ಲಿ ಕಟ್ಟಿದ ಒಂದು ಸಣ್ಣ ದೋಣಿ. ನಮ್ಮಲ್ಲಿ ಅಂಗಳದಲ್ಲಿ ಸ್ಕೂಟರು ನಿಲ್ಲಿಸಿದ ಹಾಗೆ.

ಒಂದು ಕಡವಿನಲ್ಲಿ ತಾಯಿಯೊಬ್ಬರು ಪಾತ್ರೆ ತಿಕ್ಕುತ್ತಿದ್ದರು. ಇನ್ನೊಂದರಲ್ಲಿ ಅಜ್ಜ ಗಾಳ ಹಾಕಿ ಕುಳಿತಿದ್ದರು. ಸಮವಸ್ತ್ರದ ಇಬ್ಬರು ಹುಡುಗಿಯರು ತಾವೇ ಹುಟ್ಟು ಹಾಕುತ್ತ ಶಾಲೆಯ ದೋಣಿ ಹಿಡಿಯಲು ಹೋಗುತ್ತಿದ್ದರು. ನಮ್ಮ ವಳ್ಳ ಬದಿಗೆ ಸರಿದು ಅವರಿಗೆ ದಾರಿ ಕೊಟ್ಟಿತು. ಅಂಚೆ, ಗ್ಯಾಸಿನ ಸಿಲಿಂಡರು, ಮನೆ ಕಟ್ಟುವ ಕಲ್ಲು, ಮದುವೆಯ ದಿಬ್ಬಣ, ಕಾಯಿಲೆಯವರು ಎಲ್ಲವೂ ಈ ನೀರಿನ ಮೇಲೆಯೇ ಹೋಗಬೇಕು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಮೊದಲು ಬೇಕಾಗುವವನು ಡಾಕ್ಟರಲ್ಲ, ಅಂಬಿಗ.

ನಮ್ಮ ಜತೆಗಿದ್ದ ಹುಡುಗನೊಬ್ಬ ಪಾತ್ರೆ ತಿಕ್ಕುವ ತಾಯಿಯ ಕಡೆಗೆ ಮೊಬೈಲು ಎತ್ತಿ ಹಿಡಿದಾಗ ಅಂಬಿಗರು ಗಳ ಊರುವುದನ್ನು ನಿಲ್ಲಿಸದೆಯೇ ಹೇಳಿದರು: “ಮೋನೇ, ಅದು ಅವರ ಅಡುಗೆಮನೆ.” ಹುಡುಗ ಮೊಬೈಲು ಕೆಳಗಿಟ್ಟ. ದಾರಿಹೋಕರು ಮನೆಯ ಹಿತ್ತಿಲಿಗೆ ಬಂದು ಚಿತ್ರ ತೆಗೆದರೆ ನಮ್ಮಲ್ಲಿ ಯಾರು ಸುಮ್ಮನಿದ್ದಾರು? ನೀರಿನ ಮೇಲೆ ಹೋಗುವಾಗ ಮಾತ್ರ ಆ ಮರ್ಯಾದೆ ಮರೆತುಹೋಗುತ್ತದೆ. ನೀರು ಯಾರದೂ ಅಲ್ಲವೆಂಬ ಭಾವನೆ ಬರುತ್ತದೆ.

ಕಾಲುವೆಯ ಒಂದು ತಿರುವಿನಲ್ಲಿ ಏರಿಯ ಆಚೆ ಗದ್ದೆ ಕಾಣಿಸಿತು. ನೋಡಿದವರಿಗೆ ಒಮ್ಮೆ ತಲೆ ತಿರುಗಬೇಕು. ನಾವು ಕುಳಿತ ನೀರು ಮೇಲೆ, ಗದ್ದೆ ಕೆಳಗೆ! ಕುಟ್ಟನಾಡಿನ ಬಹುಪಾಲು ಗದ್ದೆಗಳು ಕಡಲ ಮಟ್ಟಕ್ಕಿಂತ ಕೆಳಗಿವೆ. ಕಾಯಲಿನ ಕೆಸರಿನಿಂದ ಏರಿ ಕಟ್ಟಿ, ಒಳಗಿನ ನೀರನ್ನು ಹೊರಗೆ ಚೆಲ್ಲಿ, ತಳವನ್ನೇ ಗದ್ದೆ ಮಾಡಿದ ಕೃಷಿ ಇದು. ಹಿಂದೆ ಕಾಲಿನಿಂದ ತುಳಿಯುವ ಮರದ ಚಕ್ರಗಳಿಂದ ಹಗಲು ರಾತ್ರಿ ನೀರು ಚೆಲ್ಲುತ್ತಿದ್ದರು. ಆಮೇಲೆ ಯಂತ್ರ ಬಂತು. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. 1984ರ ಜ್ಞಾನಪೀಠ ಪ್ರಶಸ್ತಿ ಪಡೆದ ತಕಳಿ ಶಿವಶಂಕರ ಪಿಳ್ಳೆಯವರು ಈ ಸೀಮೆಯವರೇ. ಇಲ್ಲಿನ ಗದ್ದೆಯಲ್ಲಿ ದುಡಿದವರ ಬಾಳೇ ಅವರ ಬರವಣಿಗೆಯ ಬೇರು.

ನೀರಿನ ನಡುವೆ ನೀರಿಲ್ಲ

“ಇಷ್ಟು ನೀರಿರುವಲ್ಲಿ ನಿಮಗೇನು ಕಷ್ಟ?” ಎಂದು ನಮ್ಮಲ್ಲೊಬ್ಬರು ಕೇಳಿದರು. ಅಂಬಿಗರು ದಂಡೆಯ ಒಂದು ಮನೆಯ ಮುಂದಿನ ಸಾಲು ಕೊಡಗಳನ್ನು ತೋರಿಸಿದರು. ಕುಡಿಯುವ ನೀರು ಇಲ್ಲಿ ಹೊರಗಿನಿಂದ ಬರಬೇಕು. ಕಾಯಲಿನ ನೀರು ಬೇಸಗೆಯಲ್ಲಿ ಉಪ್ಪು, ಉಳಿದಂತೆ ಕೊಳಕು. ಗದ್ದೆಗೆ ಹೊಡೆದ ಕೀಟನಾಶಕ, ಊರಿನ ಚರಂಡಿ, ಯಂತ್ರದೋಣಿಗಳ ಎಣ್ಣೆ ಎಲ್ಲದಕ್ಕೂ ಕೊನೆಯ ತಾಣ ಇದೇ ನೀರು.

ಕಾಲುವೆಯ ಇನ್ನೊಂದು ಶತ್ರು ಕುಳವಾಳ ಎಂದು ಮಲೆಯಾಳಿಗಳು ಕರೆಯುವ, ನೀಲಿ ಹೂವಿನ ನೀರುಕಳೆ. ನೋಡಲು ಚಂದ, ಹಬ್ಬಿದರೆ ಹುಟ್ಟು ಹಾಕಲೂ ಎಡೆಯಿಲ್ಲ. ಇದರ ಹಿಂದೆಯೂ ಒಂದು ಕಥೆಯುಂಟು. ಗದ್ದೆಗೆ ಉಪ್ಪುನೀರು ನುಗ್ಗದಂತೆ ವೇಂಬನಾಡಿಗೆ ಅಡ್ಡವಾಗಿ ತಣ್ಣೀರ್‌ಮುಕ್ಕದಲ್ಲಿ ಒಡ್ಡು ಕಟ್ಟಿದರು; 1970ರ ದಶಕದಲ್ಲಿ ಅದು ಬಳಕೆಗೆ ಬಂತು. ಬೇಸಗೆ ಬೆಳೆಯ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಬತ್ತ ಉಳಿಯಿತು, ನಿಜ. ಆದರೆ ವರ್ಷಕ್ಕೊಮ್ಮೆ ಬಂದು ಕಳೆಯನ್ನು ಸುಟ್ಟುಹಾಕುತ್ತಿದ್ದ ಉಪ್ಪುನೀರೂ ನಿಂತಿತು. ಮೀನಿನ ಸಂಚಾರಕ್ಕೂ ತಡೆಯಾಯಿತು. ಗದ್ದೆಯವನಿಗೆ ಒಡ್ಡು ಬೇಕು, ಮೀನಿನವನಿಗೆ ಬೇಡ. ಈ ಜಗಳ ಇನ್ನೂ ತೀರಿಲ್ಲ.

ಊರವರು ಕೈಕಟ್ಟಿ ಕುಳಿತಿದ್ದಾರೆ ಎಂದು ಹೇಳುವಂತಿಲ್ಲ. ಮನೆಮನೆಯಲ್ಲಿಯೇ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಕ್ರಮಕ್ಕಾಗಿ 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಜಗತ್ತಿನ ಐದು ನಗರಗಳನ್ನು ಹೆಸರಿಸಿದಾಗ ಆಲಪ್ಪುಳವೂ ಅವುಗಳಲ್ಲಿ ಒಂದಾಗಿತ್ತು. ಕಾಲುವೆಗಳ ಹೂಳು ತೆಗೆಯುವ, ದಂಡೆ ಕಟ್ಟುವ ಕೆಲಸಗಳೂ ಕಂತು ಕಂತಾಗಿ ನಡೆದಿವೆ. ಆದರೆ ತೆಗೆದ ಹೂಳಿನಷ್ಟೇ ಹೊಸ ಕಸ ಬಿದ್ದರೆ ಯಾವ ಯೋಜನೆ ತಾನೆ ಗೆಲ್ಲುತ್ತದೆ?

2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಕುಟ್ಟನಾಡು ಮುಳುಗಿದಾಗ ಜನರನ್ನು ರಾಶಿರಾಶಿಯಾಗಿ ಆಲಪ್ಪುಳಕ್ಕೆ ಸಾಗಿಸಿದ್ದು ದೋಣಿಗಳೇ. ಮೀನುಗಾರರ ದೋಣಿ, ಸರಕಾರಿ ದೋಣಿ, ಪ್ರವಾಸಿಗರ ದೋಣಿಮನೆ ಎಂಬ ಭೇದವಿರಲಿಲ್ಲ. “ಆ ದಿನ ದೋಣಿ ದೋಣಿಯಾಗಿತ್ತು” ಎಂದರು ಅಂಬಿಗರು. ಕಾಲುವೆ ತುಂಬಿಹೋದ, ಅಂಬಿಗರಿಲ್ಲದ ಊರಿಗೆ ಅಂಥ ದಿನ ಬಂದರೆ ಏನು ಗತಿ ಎಂಬುದನ್ನು ಯೋಚಿಸಬೇಕು.

ಹೋಗುವವರಿಗೆ ಕೆಲವು ಮಾತು

ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಬೆಳಗ್ಗೆ ಬೇಗ ಹೊರಟರೆ ಬಿಸಿಲೂ ಕಡಿಮೆ, ಕಾಲುವೆಯ ಬದುಕೂ ಕಾಣುತ್ತದೆ. ಬಾಡಿಗೆ, ಗಂಟೆ, ದಾರಿ ಮೂರನ್ನೂ ದೋಣಿ ಹತ್ತುವ ಮೊದಲೇ ಮಾತನಾಡಿಕೊಳ್ಳಿ. ಮಲೆಯಾಳದಲ್ಲಿ ಮಾತನಾಡಿದರೆ ಅರ್ಧ ಕೆಲಸವಾದಂತೆ. ನಮ್ಮ ಊರಿನವರಿಗೆ ಅದೇನೂ ಕಷ್ಟವಲ್ಲ. ಹಣ ಹೆಚ್ಚು ಖರ್ಚು ಮಾಡಲಾಗದವರು ಸರಕಾರಿ ದೋಣಿಯಲ್ಲಿ ಹೋಗಿ ಬಂದರೂ ಸಾಕು. ಆಲಪ್ಪುಳದಿಂದ ಕೋಟ್ಟಯಂಗೆ ಹೋಗುವ ದೋಣಿ ಕೆಲವೇ ರೂಪಾಯಿಗಳಲ್ಲಿ ಎರಡೂವರೆ ಗಂಟೆ ಕುಟ್ಟನಾಡನ್ನು ತೋರಿಸುತ್ತದೆ. ದೋಣಿಮನೆಯಲ್ಲಿಯೇ ತಂಗುವವರು ಸಂಜೆಯಾದೊಡನೆ ಅದು ದಡಕ್ಕೆ ಸೇರುತ್ತದೆಂಬುದನ್ನು ತಿಳಿದಿರಬೇಕು. ರಾತ್ರಿಯ ಕಾಯಲು ಬಲೆ ಹಾಕುವವರಿಗೆ ಮೀಸಲು.

ಬಹಳ ಮುಖ್ಯವಾದದ್ದು ಸುರಕ್ಷೆ. 2002ರ ಜುಲೈಯಲ್ಲಿ ಕುಮರಗಂ ಬಳಿ ಪ್ರಯಾಣಿಕರ ದೋಣಿ ಮುಳುಗಿ 29 ಮಂದಿ, 2009ರ ಸೆಪ್ಟೆಂಬರಿನಲ್ಲಿ ತೇಕ್ಕಡಿಯಲ್ಲಿ 45 ಮಂದಿ, 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ ಸತ್ತರು. ತಾನೂರಿನಲ್ಲಿ ಸತ್ತವರಲ್ಲಿ ಮಕ್ಕಳೇ ಹಲವರು. ರಜೆಯ ಸಂಜೆ ನಮ್ಮಂತೆಯೇ ಮನೆಮಂದಿಯೆಲ್ಲ ಕೂಡಿ ಹೋದವರು. ದೋಣಿಯಲ್ಲಿ ಎಷ್ಟು ಮಂದಿಗೆ ಅನುಮತಿ ಎಂದು ಕೇಳಿ. ಅದಕ್ಕಿಂತ ಒಬ್ಬ ಹೆಚ್ಚಾದರೂ ಇಳಿಯಿರಿ. ಜೀವರಕ್ಷಕ ಅಂಗಿಯನ್ನು ಕಾಲಡಿಯಲ್ಲಿಡದೆ ಮೈಗೆ ಹಾಕಿಕೊಳ್ಳಿ. ಮಕ್ಕಳಿಗೆ ಅಳತೆಯದ್ದು ಇಲ್ಲವೆಂದರೆ ಬೇರೆ ದೋಣಿ ನೋಡಿ. ಸಣ್ಣ ವಳ್ಳದಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಬದಿಗೆ ವಾಲಬಾರದು, ಎದ್ದು ನಿಲ್ಲಬಾರದು. ಕಾಲಿನಲ್ಲಿ ಗಾಯವಿದ್ದವರು ನೀರಿಗಿಳಿಯಬೇಡಿ. ಆ ಸೀಮೆಯಲ್ಲಿ ಇಲಿಜ್ವರದ ಭಯವುಂಟು. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಏನನ್ನೂ ಕಾಲುವೆಗೆ ಎಸೆಯದೆ ವಾಪಸು ತನ್ನಿ.

ನಮ್ಮ ಪಾಲಿನ ಕಾಲುವೆ

ಆಲಪ್ಪುಳದ ಮಾತು ನಮಗೆ ಬರಿಯ ಪ್ರವಾಸದ ಮಾತಲ್ಲ. ತೆಂಕಣ ಕೋವಳಂನಿಂದ ನಮ್ಮ ಜಿಲ್ಲೆಯ ಬೇಕಲದ ತನಕ ಸುಮಾರು 600 ಕಿಲೋಮೀಟರು ಉದ್ದದ ಜಲಮಾರ್ಗವನ್ನು ಜೋಡಿಸುವುದು ರಾಜ್ಯ ಸರಕಾರದ ಯೋಜನೆ. ಹೆಚ್ಚಿನ ಕಡೆ ಹಳೆಯ ಕಾಯಲು, ಕಾಲುವೆಗಳೇ ದಾರಿ. ನೀಲೇಶ್ವರದಿಂದ ಬೇಕಲದ ಕಡೆಗೆ ಹೊಸತಾಗಿ ತೋಡಬೇಕು. ವಲಿಯಪರಂಬದ ಹಿನ್ನೀರಿನಲ್ಲಿ ಈಗಾಗಲೇ ದೋಣಿಮನೆಗಳು ಓಡುತ್ತಿವೆ. ಇಂದು ಆಲಪ್ಪುಳದ ಕಡವಿನಲ್ಲಿ ನಡೆಯುವುದು ನಾಳೆ ನಮ್ಮ ಕಡವಿನಲ್ಲಿಯೂ ನಡೆದೀತು.

ಆಗ ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಕೇಳುವುದು ಒಳ್ಳೆಯದು. ಕಾಲುವೆ ಬಂದರೆ ದಂಡೆಯವರ ಬಾವಿಗೆ ಉಪ್ಪು ಏರದಂತೆ ಏನು ಏರ್ಪಾಡು? ದೋಣಿಮನೆಗಳ ಕೊಳಕು ಎಲ್ಲಿಗೆ ಹೋಗುತ್ತದೆ? ಮೀನು ಹಿಡಿಯುವವರ ಹೊತ್ತು, ಜಾಗಗಳಿಗೆ ರಕ್ಷಣೆಯುಂಟೆ? ಅಂಬಿಗ ನಮ್ಮ ಊರಿನವನೇ ಆಗಿರುತ್ತಾನೆಯೆ, ಇಲ್ಲ ಹೊರಗಿನ ಬಂಡವಾಳವೇ ದೋಣಿ ನಡೆಸುತ್ತದೆಯೆ? ಪ್ರವಾಸಿಗರು ಬರಲಿ, ಬೇಡವೆನ್ನುವವರಲ್ಲ ನಾವು. ಆದರೆ ಬಂದವರು ಮನೆಯ ಮುಂದಿನ ದಾರಿಯಲ್ಲಿ ನಡೆದವರಂತೆ ನಡೆದುಕೊಳ್ಳಬೇಕು, ನಡೆಸುವವರೂ ಹಾಗೆ ನಡೆಸಬೇಕು. ಆಲಪ್ಪುಳದ ಹಿರಿಯರು ನೀರಿಗೆ ಮುಖ ಮಾಡಿ ಊರು ಕಟ್ಟಿದರು. ಮಕ್ಕಳು ಮುಖ ತಿರುಗಿಸಿದ್ದರ ಫಲವನ್ನು ಇಂದಿನವರು ಉಣ್ಣುತ್ತಿದ್ದಾರೆ. ಚಂದ್ರಗಿರಿ, ಶಿರಿಯ, ಕುಂಬಳೆ ಹೊಳೆಗಳ ದಂಡೆಯಲ್ಲಿರುವ ನಾವು ಈ ಪಾಠವನ್ನು ಅವರ ಖರ್ಚಿನಲ್ಲಿ ಕಲಿತರೆ ನಮಗೆ ಲಾಭ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಸಣ್ಣ ವಳ್ಳವನ್ನೇ ಕೇಳಿ ಹತ್ತಿ.